ನಾಲ್ಕನೇ ಹಾಡಿನ ಹಿಂದಿನ ದನಿ

ಅಮ್ಮ ಬೀರುವಿನ ಮೂರನೇ ಅರೆಯನ್ನು ಬೆಳಗಿನಿಂದ ಎರಡನೇ ಸಲ ಖಾಲಿ ಮಾಡುತ್ತಿದ್ದಳು. ಅವಳು ಹುಡುಕುತ್ತಿದ್ದ ಕ್ಯಾಸೆಟ್ಟು, ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಮಗನ ಪ್ಯಾಂಟಿನ ಜೇಬಿನಲ್ಲಿತ್ತು.

“ಏನಮ್ಮ ಹುಡುಕ್ತಿದೀಯ?” ಎಂದ. ಬಾಯಲ್ಲಿ ನೊರೆ ಇದ್ದರೆ ಸುಳ್ಳು ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ.

“ಅಜ್ಜನ ಕ್ಯಾಸೆಟ್ಟು ಕಣೋ. ಹನ್ನೊಂದಕ್ಕೆ ನಿನ್ನ ಸೋದರಮಾವ ಬರ್ತಾನೆ.”

ಅಜ್ಜ ಹುಟ್ಟಿ ನೂರು ವರ್ಷ. ಬರುವ ಭಾನುವಾರ ನೆಂಟರೆಲ್ಲ ಸೇರುವವರಿದ್ದರು. ಅಜ್ಜ ಪದ್ಯ ಓದಿದ ಆ ಒಂದೇ ಒಂದು ಕ್ಯಾಸೆಟ್ಟನ್ನು ಎಲ್ಲರೆದುರು ಹಾಕಬೇಕೆಂದು ಮಾವನ ಹಟ. ಅಜ್ಜ ಪದ್ಯ ಓದುವುದನ್ನು ಕಲಿಸಿದ್ದು ಮಾವನೊಬ್ಬನಿಗೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಕೇಳಿಸಿಕೊಂಡವಳು. ಆದರೂ ಕ್ಯಾಸೆಟ್ಟನ್ನು ಕಾಪಾಡಿದ್ದು ಅವಳೇ. ಎಷ್ಟು ಕಾಪಾಡಿದಳೆಂದರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಹಾಕಿ ಕೇಳಿಸಿರಲಿಲ್ಲ. “ಸವೆದುಹೋಗುತ್ತೆ” ಎನ್ನುತ್ತಿದ್ದಳು.

ಸವೆಸುವ ಕೆಲಸವನ್ನು ಮಗ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದ.

ಅವನು ರಾಕ್ ಬ್ಯಾಂಡೊಂದರ ಗಿಟಾರಿಸ್ಟ್. ಬ್ಯಾಂಡಿನಲ್ಲಿ ನಾಲ್ವರು. ಮೂವರು ಪರಸ್ಪರ ಮಾತು ಬಿಟ್ಟಿದ್ದರು; ನಾಲ್ಕನೆಯವನು ಡ್ರಮ್ಮರ್, ಅವನಿಗೆ ಅದಿನ್ನೂ ಗೊತ್ತಾಗಿರಲಿಲ್ಲ. ಈ ಬಿಡುವಿನಲ್ಲಿ ಗಿಟಾರಿಸ್ಟ್ ತನ್ನೊಬ್ಬನದೇ ಪ್ರಯೋಗದ ಆಲ್ಬಮ್ ಮಾಡಲು ಹೊರಟ. ಸ್ಟುಡಿಯೋ ಬೇಡ, ಕಂಪ್ಯೂಟರ್ ಬೇಡ. ಬಚ್ಚಲುಮನೆ, ಹಳೆಯ ಟೇಪ್ ರೆಕಾರ್ಡರ್, ಮನೆಯಲ್ಲಿ ಬಿದ್ದಿರುವ ಕ್ಯಾಸೆಟ್ಟು, ಇಷ್ಟೇ. ಗೊರಗೊರ ಸದ್ದು, ನಲ್ಲಿಯ ತೊಟ್ಟು ಎಲ್ಲ ಹಾಗೇ ಇರಬೇಕು. ಆಗ ನುಡಿಸಲು ಬಾರದಿದ್ದದ್ದೂ ಶೈಲಿಯೆನಿಸಿಕೊಳ್ಳುತ್ತದೆ.

ಬೀರುವಿನಿಂದ ಕೈಗೆ ಸಿಕ್ಕ ಆರು ಕ್ಯಾಸೆಟ್ಟು ಎತ್ತಿಕೊಂಡ. ಚೀಟಿ ಓದಲಿಲ್ಲ. ಓದದಿರುವುದೂ ಪ್ರಯೋಗದ ಭಾಗವಾಗಿತ್ತು.

ಆಲ್ಬಮ್ ಹೊರಬಂದ ದಿನ ಅಮ್ಮನನ್ನು ಕೂರಿಸಿ ಕೇಳಿಸಿದ. ನಾಲ್ಕನೇ ಹಾಡು ಶುರುವಾಗುತ್ತಲೇ ಅವಳು “ಹಾಲು ಉಕ್ಕತ್ತೆ” ಎಂದು ಎದ್ದುಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಅದನ್ನು ಅವನು ಮೊದಲನೇ ವಿಮರ್ಶೆ ಎಂದು ಎಣಿಸಿದ.

ಎರಡನೆಯದು, ಕೊನೆಯದೂ ಕೂಡ, ಪತ್ರಿಕೆಯೊಂದರಲ್ಲಿ ಬಂದ ಆರು ಸಾಲಿನದು. ಐದು ಸಾಲು ಅವನ ಹಾಡುಗಾರಿಕೆಯನ್ನು ಕುರಿತದ್ದು. ಅವನ್ನು ಯಾರಿಗೂ ತೋರಿಸಲಿಲ್ಲ. ಆರನೆಯದು: ‘ನಾಲ್ಕನೇ ಹಾಡಿನ ಹಿಂದಿರುವ ದನಿಗಾಗಿ ಉಳಿದದ್ದನ್ನು ಕ್ಷಮಿಸಬಹುದು.’

ಹಿಂದೆ ದನಿಯೇ? ತನ್ನ ಹಾಡನ್ನು ತಾನೇ ಮೊದಲ ಸಲ ಗಮನವಿಟ್ಟು ಕೇಳಿದ. ಟೇಪ್ ರೆಕಾರ್ಡರಿಗೆ ವಯಸ್ಸಾಗಿತ್ತು, ಕ್ಯಾಸೆಟ್ಟಿನಲ್ಲಿ ಮೊದಲಿದ್ದುದನ್ನು ಪೂರ್ತಿ ಅಳಿಸಿರಲಿಲ್ಲ. ಗಿಟಾರಿನ ಆಚೆ, ಗೋಡೆಯಾಚೆಯಿಂದ ಬಂದಂತೆ, ಯಾರೋ ಪದ್ಯವನ್ನು ಎಳೆದೆಳೆದು ಓದುತ್ತಿದ್ದರು. ಮಾತು ತಿಳಿಯದು, ಎಳೆತ ಮಾತ್ರ. ಓಡಿಹೋಗಿ ಚೀಟಿ ನೋಡಿದ. ಅಜ್ಜನ ಕೈಬರಹ. ಅಜ್ಜನದು ಮನೆಯ ಸೂರು ಅದುರಿಸುವ ಗಂಟಲೆಂದು ಕೇಳಿದ್ದ. ಇಲ್ಲಿ ದನಿ ತೆಳ್ಳಗಿತ್ತು. ಹಾಳು ಯಂತ್ರ ವೇಗವಾಗಿ ತಿರುಗುತ್ತಿರಬೇಕು ಅಂದುಕೊಂಡ.

“ನಿನ್ನ ನಾಲ್ಕನೇ ಹಾಡಲ್ಲಿ ಹಿಂದೆ ಏನೋ ಕೇಳ್ಸುತ್ತಲ್ಲ,” ಅಮ್ಮ ಬೀರುವಿನೊಳಗೆ ತಲೆಯಿಟ್ಟುಕೊಂಡೇ ಕೇಳಿದಳು. “ಅದೇನು?”

“ಪ್ರಯೋಗ.”

“ಯಾರ ದನಿ ಅಂತ ಯಾರಾದ್ರೂ ಕೇಳಿದ್ರಾ?”

“ಇಲ್ಲ.”

“ಒಳ್ಳೇದಾಯ್ತು.” ಬಟ್ಟೆಯ ರಾಶಿಯನ್ನು ಒಳಕ್ಕೆ ತಳ್ಳಿದಳು. “ಕ್ಯಾಸೆಟ್ಟು ನಿನಗೆ ಸಿಕ್ಕಿದ್ರೆ ಮಾವನ ಕೈಗೆ ಕೊಡ್ಬೇಡ. ನನ್ನ ಕೈಗೆ ಕೊಡು.”

ಅವನಿಗೆ ನೊರೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅಪ್ಪನ ಮೇಲೆ ಮಗಳಿಗೆ ಇಷ್ಟು ಭಕ್ತಿ, ಇಂಥವಳ ಹೊಟ್ಟೆಯಲ್ಲಿ ತಾನು.

ಮಾವ ಹತ್ತೂವರೆಗೇ ಬಂದ. ಕ್ಯಾಸೆಟ್ಟು ಸುತ್ತಿಕೊಳ್ಳಲೆಂದು ಒಗೆದು ಮಡಿಸಿದ ಮೆತ್ತನೆಯ ಬಟ್ಟೆ ತಂದಿದ್ದ. ಮಗ ತಯಾರಿಸಿಟ್ಟುಕೊಂಡಿದ್ದ ಮೂರು ಸುಳ್ಳುಗಳೂ ಆ ಬಟ್ಟೆಯ ಮುಂದೆ ಸೋತವು. ಅವನು ಜೇಬಿಗೆ ಕೈಹಾಕಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ.

“ಮಾವ, ಇದರಲ್ಲಿ ಅಜ್ಜನ ದನಿ ಇಲ್ಲ. ನಾನು ಇದರ ಮೇಲೆ ಹಾಡ್ಬಿಟ್ಟೆ.”

ಅಡುಗೆಮನೆಯಲ್ಲಿ ಲೋಟವೊಂದು ಬಿತ್ತು.

“ಹಾಡ್ಬಿಟ್ಟೆ,” ಎಂದ ಮಾವ. “ನೀನು. ಅಪ್ಪನ ಮೇಲೆ.” ಬಟ್ಟೆಯನ್ನು ಇನ್ನೊಂದು ಮಡಿಕೆ ಮಾಡಿದ. “ಪೂರ್ತಿ ಹೋಯ್ತಾ?”

“ನಾಲ್ಕನೇ ಹಾಡಿನ ಹಿಂದೆ ಸ್ವಲ್ಪ ಉಳಿದಿದೆ.”

“ಹಾಕು.”

ಹಾಕಿದ. ಗಿಟಾರು ಗೊರಗುಟ್ಟಿತು, ನಲ್ಲಿ ತೊಟ್ಟಿಕ್ಕಿತು, ಅವನ ಹಾಡು ಎಂದಿನಂತೆ ಶ್ರುತಿಯನ್ನು ಒಂದು ಸುತ್ತು ಹಾಕಿಕೊಂಡು ಬಂತು. ಆಮೇಲೆ ಹಿಂದಿನಿಂದ ಆ ದನಿ ಎದ್ದಿತು. ಮಾವ ಕಣ್ಣು ಮುಚ್ಚಿದ. ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ರೆಪ್ಪೆಯಂಚು ಒದ್ದೆಯಾಯಿತು.

“ಅಪ್ಪನೇ,” ಎಂದ ಕೊನೆಗೆ. “ಸಾಲಿನ ತುದೀಲಿ ಉಸಿರು ಹಿಡಿದು ನಿಲ್ಲಿಸೋದು ನೋಡು. ಹನ್ನೆರಡು ವರ್ಷ ತಲೆ ಚಚ್ಚಿಕೊಂಡ್ರೂ ನನಗದು ಬರ್ಲಿಲ್ಲ.” ಮೂಗು ಒರೆಸಿಕೊಂಡ. “ಭಾನುವಾರ ಇದನ್ನೇ ಹಾಕೋಣ. ನಿನ್ನ ಗದ್ದಲ ಇದ್ರೂ ಸಹಿಸ್ಕೋತೀವಿ.”

ಗಿಟಾರಿಸ್ಟನ ವೃತ್ತಿಜೀವನದಲ್ಲಿ ಬಂದ ಅತ್ಯುತ್ತಮ ಆಹ್ವಾನ ಅದು.

ಮಾವನನ್ನು ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಅಮ್ಮ ಹೊರಗೆ ಬಂದು ಕ್ಯಾಸೆಟ್ಟು ಎತ್ತಿಕೊಂಡಿದ್ದಳು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅವಳು ಚೀಟಿಯ ಮೇಲಿನ ಅಜ್ಜನ ಅಕ್ಷರಗಳನ್ನು ಹೆಬ್ಬೆರಳಿನಿಂದ ಒರೆಸಿದಳು, ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಒಮ್ಮೆ ನೋಡಿದಳು.

“ಆಗ ನನಗೆ ಹದಿನೇಳು, ಮನೇಲಿ ಯಾರೂ ಇರ್ಲಿಲ್ಲ, ಇದ್ರಲ್ಲಿ ಅಪ್ಪನ ಮೇಲೆ ನಾನೂ ಪದ್ಯ ಓದ್ಬಿಟ್ಟೆ,” ಎಂದಳು. “ಎರಡನೇ ಸಾಲಲ್ಲಿ ದನಿ ನಡುಗಿದೆ, ಭಾನುವಾರ ಅಲ್ಲಿ ನಿನ್ನ ಗಿಟಾರು ಸ್ವಲ್ಪ ಜೋರು ಮಾಡು.”