ತತ್ತಿ ಯಾರದು?

ದ್ಯಾಮವ್ವನ ಕೋಳಿ ದಿನವೂ ಗೋಡೆ ಹಾರಿ ಪಕ್ಕದ ಮನೆಯ ತುಳಜವ್ವನ ಹಿತ್ತಲಲ್ಲಿ ತತ್ತಿ ಇಟ್ಟು ಬರುತ್ತಿತ್ತು. ಆ ತತ್ತಿ ಯಾರದೆಂದು ಇಬ್ಬರೂ ಎರಡು ವರ್ಷದಿಂದ ಬೆಳಗಾದರೆ ಜಗಳ ಕಾಯುತ್ತಿದ್ದರು.

ಹೊಳೆ ಊರೊಳಗೆ ನುಗ್ಗಿದ ದಿನ ಜನವೆಲ್ಲ ದಿಬ್ಬದ ಮೇಲಿನ ಶಾಲೆ ಸೇರಿತು. ಊರಿನ ಲೆಕ್ಕಪತ್ರ ನೋಡುವ ತಲಾಟಿ ಒಮ್ಮೆ ಕಣ್ಣಾಡಿಸಿ, "ಎಲ್ಲಾರೂ ಬಂದೀರಿ ಬಿಡ್ರಿ" ಎಂದ.

"ಇಲ್ರೀ ಸಾಹೇಬ್ರ, ತುಳಜವ್ವ ಬಂದಿಲ್ಲ" ಎಂದಳು ದ್ಯಾಮವ್ವ.

"ಇಷ್ಟು ಮಂದ್ಯಾಗ ನಿನಗ ಹ್ಯಾಂಗ ಗೊತ್ತಾತವ್ವ?"

"ಹೊತ್ತು ನೆತ್ತಿಗೇರೇತಿ, ಇನ್ನೂ ಯಾರೂ ನನ್ನ ಬೈದಿಲ್ಲ!"

ಎಲ್ಲರೂ ನಕ್ಕರು. ದ್ಯಾಮವ್ವ ನಗಲಿಲ್ಲ, ದೋಣಿಯವನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.

ಸುತ್ತ ನೀರು. ನಡುವೆ ತನ್ನ ಮಾಳಿಗೆಯ ಮೇಲೆ ತುಳಜವ್ವ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು.

"ಎಲ್ಲಾರ ಸಂಗಡ ಬರಾಕ ನಿನಗೇನಾಗಿತ್ತ ಧಾಡಿ?" ದೋಣಿಯಿಂದಲೇ ದ್ಯಾಮವ್ವ ಕೂಗಿದಳು.

ತುಳಜವ್ವ ಸೆರಗಿನೊಳಗಿಂದ ಕೋಳಿ ತೆಗೆದು ಅವಳ ಮಡಿಲಿಗೆ ಹಾಕಿದಳು.

"ತಗೋ, ನಿನ್ನ ಕೋಳಿ. ಗಿಡ ಏರಿ ಕುಂತಿತ್ತು, ಹಿಡಿಯೂದ್ರಾಗ ನೀರು ಬಂತು. ಆದ್ರ ಮಾಳಿಗಿ ಮ್ಯಾಲ ಇಟ್ಟ ತತ್ತಿ ಮಾತ್ರ ನಂದು!"