ಹಸಿ ತರಕಾರಿಯ ಪಿಜ್ಜಾ

ಮದುವೆಯಾಗಿ ಬಂದ ಮೇಲೆ ಒಮ್ಮೆಯಾದರೂ ತನ್ನದೇ ಅನ್ನುವ ತಿಂಡಿಯೊಂದನ್ನು ನಾಲ್ಕು ಜನರ ಮುಂದಿಡಬೇಕೆಂಬುದು ವಾರಿಜೆಯ ಆಸೆ. ಭಜನೆಗೆ ಬರುವವರಿಗೆಂದು ಬೆಳಗ್ಗೆಯೇ ಪಿಜ್ಜಾ ರೊಟ್ಟಿ ಸುಟ್ಟು ಆರಿಸಿಟ್ಟಿದ್ದಳು. ಮೇಲೆ ಹಸಿ ತರಕಾರಿ ಹರಡಿದರೆ ಮುಗಿಯಿತು. ಅಷ್ಟರಲ್ಲಿ ಹಿರಿಯ ಓರಗಿತ್ತಿ ಬಂದು ಪಕ್ಕದಲ್ಲಿ ನಿಂತಳು.

"ಈರುಳ್ಳಿ ಭಜನೆಯವರು ಮುಟ್ಟಲ್ಲ. ಸೌತೆಕಾಯಿ ಹೆಚ್ಚು."

"ಆಯ್ತಕ್ಕ."

"ಚೀಸ್ ಯಾಕೆ? ತೆಂಗಿನತುರಿ ಹಾಕು. ನೆನೆಸಿದ ಹೆಸರುಬೇಳೇನೂ ಇದೆ."

"ಅಕ್ಕಾ, ಇದು ಪಿಜ್ಜಾ!"

"ಇರಲಿ ಬಿಡೇ, ಅದಕ್ಕೇನು ಗೊತ್ತಾಗುತ್ತೆ?" ಎಂದು ಅಕ್ಕ ಸಾಸಿವೆ ಒಗ್ಗರಣೆಯನ್ನೂ ಸುರಿದಳು.

ಬಂದವರು ಮೇಲಿನದನ್ನೆಲ್ಲ ಬಳಿದು ತಿಂದು, ರೊಟ್ಟಿಯನ್ನು ತಟ್ಟೆಯಂಚಿಗೆ ತಳ್ಳಿದರು. "ಎಷ್ಟು ರುಚಿ! ಯಾರು ಮಾಡಿದ್ದು?"

ವಾರಿಜೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: "ಕೋಸಂಬರಿ ನಂದು. ಕೆಳಗಿನ ರೊಟ್ಟಿ, ಪಾಪ, ಇವಳದು."