ಬೂದು ಪೆಟ್ಟಿಗೆ

ಮೂರನೇ ಕಪಾಟಿನಲ್ಲೂ ಪೆಟ್ಟಿಗೆ ಇರಲಿಲ್ಲ. ಬಾಗಿಲನ್ನು ದಡಾರನೆ ಹಾಕಿ ಅಕ್ಕನತ್ತ ತಿರುಗಿದ ತಮ್ಮ.

“ಎಲ್ಲಿಟ್ಟಿದ್ದೀಯ ಹೇಳಕ್ಕ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?”

“ಹುಡುಕು. ಬೇಡ ಅಂದ್ನಾ?” ಅಕ್ಕ ತನ್ನ ಸ್ಟುಡಿಯೋದ ತಿರುಗುವ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡಳು. ಇದೊಂದು ಅಭ್ಯಾಸ ಅವಳಿಗೆ ಬ್ಯಾಂಡಿನ ಕಾಲದಿಂದಲೂ ಇತ್ತು.

ತಮ್ಮನ ಜೊತೆ ಬಂದಿದ್ದ ಮ್ಯಾನೇಜರ್ ಸೋಫಾದಲ್ಲಿ ಕೂತು ಗಡಿಯಾರ ನೋಡಿಕೊಂಡ. ಅವನು ಹಾಡಿನ ಕಂಪನಿಯಲ್ಲಿ ಸಂಬಳಕ್ಕಿದ್ದವನು. ಠೀವಿ ಮಾತ್ರ ಮಾಲೀಕನದು.

ತಮ್ಮ ಹಾಡುತ್ತಿದ್ದ ರಾಕ್ ಬ್ಯಾಂಡು ಒಂದು ಕಾಲಕ್ಕೆ ಮನೆಮಾತು. ಹಾಡುಗಳನ್ನೆಲ್ಲ ಬರೆದು ರಾಗ ಕಟ್ಟುತ್ತಿದ್ದವಳು ಅಕ್ಕ. ಹಾಡುವ ಆಸೆಯೂ ಅವಳಿಗೆ ಬೆಟ್ಟದಷ್ಟಿತ್ತು. ಆದರೆ ಮೊದಲ ದಿನವೇ ಇದೇ ಮ್ಯಾನೇಜರ್, “ಹೆಂಗಸಿಗೆ ಇಷ್ಟು ದಪ್ಪ ದನಿ ಯಾರಿಗೆ ಬೇಕು ಮೇಡಂ? ನೀವು ಬರೀರಿ ಸಾಕು,” ಎಂದು ಮೈಕಿನ ಮುಂದಿನಿಂದ ಎಬ್ಬಿಸಿದ್ದ. ಅವಳು ಅಳಲಿಲ್ಲ, ಅಂಗಲಾಚಲಿಲ್ಲ. ಬೇಸ್ ಗಿಟಾರ್ ಹೆಗಲಿಗೇರಿಸಿಕೊಂಡು ಹಿಂದಿನ ಸಾಲಿಗೆ ಹೋಗಿ ನಿಂತಳು. ತಮ್ಮನಿಗೆ ಅಯ್ಯೋ ಅನ್ನಿಸಿತು. ಮೈಕು ಅವನ ಪಾಲಿಗೇ ಬಂದದ್ದರಿಂದ ಆ ಅಯ್ಯೋ ಬಹಳ ಹೊತ್ತು ಬಾಳಲಿಲ್ಲ.

ಪೆಟ್ಟಿಗೆ ಬಂದದ್ದು ಅದರ ಮಾರನೇ ವಾರ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮುಂದೆ ತಿರುಗಿಸಲು ಎರಡು ಗುಂಡಿ. ರೆಕಾರ್ಡಿಂಗಿನಲ್ಲಿ ತಮ್ಮ ಹಾಡಿ ಮುಗಿಸಿದ ಕೂಡಲೇ ಅಕ್ಕ, “ಇನ್ನು ಪೆಟ್ಟಿಗೆಗೆ ಹಾಕ್ಬೇಕು. ಎಲ್ರೂ ಊಟ ಮುಗಿಸ್ಕೊಂಡು ಬನ್ನಿ,” ಎಂದು ಬಾಗಿಲು ಹಾಕಿಕೊಳ್ಳುವಳು. ಅವರು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ತಮ್ಮನ ಸಣ್ಣ ದನಿಗೆ ಮೈ ತುಂಬಿರುತ್ತಿತ್ತು. ಹೇಗೆ ಅಂತ ಕೇಳಿದರೆ ಪೆಟ್ಟಿಗೆಯತ್ತ ಕೈ ತೋರಿಸುವಳು. ಅದು ಅವಳೊಬ್ಬಳಿಗೇ ಬಗ್ಗುತ್ತಿದ್ದ ಯಂತ್ರ. ಅವಳು ಜ್ವರ ಬಂದು ಮಲಗಿದ ವಾರ ಡ್ರಮ್ ಬಾರಿಸುವವನು ಗುಂಡಿಗಳನ್ನು ಎಷ್ಟು ತಿರುಗಿಸಿದರೂ ಅದು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅಕ್ಕ ಎದ್ದು ಬಂದು, ಕೆಮ್ಮು ನಿಂತ ಮೇಲೆಯೇ ಕೆಲಸ ಸಾಗಿದ್ದು. ವೇದಿಕೆಯಲ್ಲಿ ಪೆಟ್ಟಿಗೆ ಬೇಕಾಗಲಿಲ್ಲ. ಅಲ್ಲಿ ಜನರೇ ಕಿರುಚಿ ಹಾಡುತ್ತಿದ್ದರು.

ಕೊನೆಗೆ ಬ್ಯಾಂಡು ಒಡೆಯಿತು. ಅಕ್ಕ ಪ್ರೊಡ್ಯೂಸರ್ ಆಗಿ, ಕಂಡವರ ಆಲ್ಬಮ್‌ಗಳನ್ನೆಲ್ಲ ಗೆಲ್ಲಿಸಿ, ಈ ಸ್ಟುಡಿಯೋ ಮಾಡಿಕೊಂಡಳು. ಈಗ ಅವಳು ತಾನೇ ಹಾಡಿದ ಆಲ್ಬಮ್ ಶುಕ್ರವಾರ ಹೊರಬರುತ್ತದೆ ಎಂದು ಕೇಳಿ ಮ್ಯಾನೇಜರ್ ಮೂಗು ಮುರಿದಿದ್ದ.

ತಮ್ಮ ಒಬ್ಬನೇ ಹಾಡಿದ ಆಲ್ಬಮ್ ಆಗಲೇ ಬಂದು ಮಕಾಡೆ ಮಲಗಿತ್ತು. ಅದೇ ಗಂಟಲು, ಅದೇ ಮೈಕು. ಪತ್ರಿಕೆಯವರು ಮಾತ್ರ ದನಿ ನೀರಾಗಿದೆ ಎಂದು ಬರೆದರು. ಇನ್ನೊಂದು ಹೀಗೇ ಬಿದ್ದರೆ ಕಂಪನಿ ಅವನನ್ನು ಕೈಬಿಡುವುದು ಖಂಡಿತ. ನಿದ್ದೆಗೆಟ್ಟು ಯೋಚಿಸಿದ ಮೇಲೆ ಅವನಿಗೆ ಹೊಳೆದದ್ದು ಒಂದೇ: ಹೋಗುವಾಗ ಅಕ್ಕ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿದ್ದಾಳೆ.

ಅಕ್ಕನ ಫೋನು ಬಡಿದುಕೊಂಡಿತು. “ಹಲೋ... ಅವನಲ್ಲಮ್ಮ, ನಾನು. ಹೂಂ, ಇಲ್ಲೇ ಇದ್ದಾನೆ. ಏನೋ ಹುಡುಕ್ತಿದ್ದಾನೆ.”

ತಮ್ಮನ ಗಮನ ಅತ್ತ ಇರಲಿಲ್ಲ. ಅವನ ಕಣ್ಣು ಬಾಗಿಲ ಬುಡಕ್ಕೆ ಬಿದ್ದಿತ್ತು. ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದದ್ದು ಅದೇ ಬೂದು ಪೆಟ್ಟಿಗೆ. ಬರುವಾಗ ಇಬ್ಬರೂ ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದರು.

“ತಗೊಂಡು ಹೋಗು,” ಎಂದಳು ಅಕ್ಕ, ಫೋನು ಕೆಳಗಿಡುತ್ತ. “ಆದ್ರೆ ಅದು ನಿನಗೆ ಮೂರು ಕಾಸಿನ ಉಪಯೋಗಕ್ಕೂ ಬರಲ್ಲ.”

“ಏನಾದ್ರೂ ಕೆಡಿಸಿಟ್ಟಿರ್ತಾರೆ,” ಎಂದ ಮ್ಯಾನೇಜರ್. “ಬಿಚ್ಚಿ ನೋಡು.”

ಸ್ಕ್ರೂಡ್ರೈವರನ್ನು ಅಕ್ಕನೇ ಎತ್ತಿ ಕೊಟ್ಟಳು. ತಮ್ಮ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಒಂದು ತಂತಿಯೂ ಇರಲಿಲ್ಲ. ಮೂಲೆಯಲ್ಲಿ ಒಣಗಿದ ಜೇಡವೊಂದು ಬಿದ್ದಿತ್ತು.

“ಒಳಗಿದ್ದದ್ದೆಲ್ಲ ಎಲ್ಲಿ ಹೋಯ್ತಕ್ಕ?” ಅವನ ದನಿ ಇನ್ನಷ್ಟು ಸಣ್ಣಗಾಯಿತು. “ನನ್ನ ಬಾಳು ಮುಳುಗ್ತಾ ಇದೆ.”

“ಅದು ಕಂಪನಿ ಸೊತ್ತು ಮೇಡಂ. ಕೋರ್ಟಿಗೆ ಎಳೀತೀನಿ,” ಎಂದ ಮ್ಯಾನೇಜರ್.

“ಎಳೀರಿ. ಅದಕ್ಕೆ ಮುಂಚೆ ಇದನ್ನ ಕೇಳಿ.” ಅಕ್ಕ ಬಟನ್ ಒತ್ತಿದಳು.

ಗಿಟಾರ್ ಗುಡುಗಿತು. ಹಿಂದೆಯೇ ದನಿ ಬಂತು: ಒರಟಾದ, ತುಂಬಿದ, ಯಾರಿಗೂ ತಲೆಬಾಗದ ದನಿ. ತಮ್ಮನ ಮೈ ಜುಮ್ಮೆಂದಿತು. ಇಷ್ಟು ದಿನ ಕಳೆದುಹೋಗಿದ್ದ ತನ್ನ ದನಿ. ಅವನಿಗೆ ಕಣ್ಣು ತುಂಬಿ ಬಂತು.

ಮ್ಯಾನೇಜರ್ ಎದ್ದೇ ನಿಂತ. “ಇದೇ, ಪೆಟ್ಟಿಗೆ ದನಿ ಅಂದ್ರೆ ಇದೇ. ಅಲ್ಲಯ್ಯ, ಈ ಹಾಡು ಯಾವಾಗ ಹಾಡಿದ್ದು ನೀನು? ನಮಗ್ಯಾಕೆ ಕೊಡ್ಲಿಲ್ಲ?”

ತಮ್ಮ ತನ್ನ ನೆನಪನ್ನೆಲ್ಲ ತಡಕಾಡಿದ. ಸಾಲುಗಳು ಗೊತ್ತಿಲ್ಲ. ರಾಗ ಗೊತ್ತಿಲ್ಲ. ಅವನ ಕಣ್ಣು ಖಾಲಿ ಪೆಟ್ಟಿಗೆಯಿಂದ ಬಿಸಿನೀರಿನ ಫ್ಲಾಸ್ಕಿಗೆ ಹೋಗಿ ಅಲ್ಲೇ ನಿಂತಿತು.

“ಇದನ್ನ ನಾನು ಹಾಡೇ ಇಲ್ಲ,” ಎಂದ.

“ಶುಕ್ರವಾರ ಬರೋ ನನ್ನ ಹಾಡು ಸಾರ್ ಇದು,” ಎಂದಳು ಅಕ್ಕ. “ನನ್ನ ದನಿ ಯಾರಿಗೂ ಬೇಡ ಅಂದಿದ್ರಲ್ಲ, ಅದಕ್ಕೇ ನೀವೆಲ್ಲ ಊಟಕ್ಕೆ ಹೋದಾಗ ಅವನ ದನಿ ಜೊತೆ ನಾನೂ ಹಾಡಿ ಸೇರಿಸಿ, ಪೆಟ್ಟಿಗೆ ಅಂತ ಹೇಳ್ತಿದ್ದೆ.”